ಚೌಬಾರ ಬ್ರಿಟಿಷರದ್ದಲ್ಲ: ನನ್ನದೇ ಮೆಸೇಜಿಗೆ ಸ್ಪಷ್ಟನೆ

‘ಬೀದರಿನ ಚೌಬಾರ ಬ್ರಿಟಿಷರು ಕಟ್ಟಿಸಿದ ಗಡಿಯಾರದ ಗೋಪುರ. ಹಳೇ ಊರಿನ ರಸ್ತೆಗಳೂ ಅವರದ್ದೇ ಪ್ಲಾನು’ ಎಂಬ ಮೆಸೇಜು ಓಡಾಡುತ್ತಿದೆ. ನಮ್ಮ ಓಣಿಯ ಗ್ರೂಪಿಗೆ ಅದನ್ನು ಹಾಕಿದ್ದು ನಾನೇ. ಅದು ತಪ್ಪು.

ಬೀದರ್ 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಬ್ರಿಟಿಷರ ನೇರ ಆಳ್ವಿಕೆಯಲ್ಲಲ್ಲ. ಚೌಬಾರವಂತೂ ನಿಜಾಮರಿಗಿಂತಲೂ ಎಷ್ಟೋ ಹಳೆಯದು. ಸುಮಾರು 71 ಅಡಿ ಎತ್ತರದ ಈ ದುಂಡನೆ ಗೋಪುರ ಮೊದಲು ಕಾವಲಿಗೆ ಇದ್ದದ್ದು. ಮೇಲೆ ಹತ್ತಿದರೆ ನಾಲ್ಕೂ ದಿಕ್ಕು ಕಾಣುತ್ತದೆ. ಗಡಿಯಾರ ಆಮೇಲೆ ಬಂತು. ನಾನು ಮೋಸ ಹೋಗಿದ್ದು ಅದನ್ನು ನೋಡಿಯೇ!

ರಸ್ತೆಗಳ ಕಥೆಯೂ ಹಾಗೇ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಒಂದು ಕಡೆ ಕೋಟೆ, ಊರಿನ ಸುತ್ತ ಗೋಡೆ, ನಡುವೆ ಚೌಬಾರ. ದೊಡ್ಡ ಬೀದಿಗಳು ಕೂಡುವುದು ಅಲ್ಲೇ. ಚೌಬಾರದಿಂದ ಕೋಟೆಗೆ ನಡೆದರೆ ದಾರಿಯಲ್ಲೇ 1472ರ ಗವಾನ್ ಮದರಸಾ (ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ವಿದ್ಯಾಲಯ) ಸಿಗುತ್ತದೆ, ಅಲ್ವಾ? ಅಂದರೆ ಆ ಬೀದಿಯ ವಯಸ್ಸು ಊಹಿಸಿ. ನಾವು ಇವತ್ತು ಆಟೋದಲ್ಲಿ ಸಿಕ್ಕಿಕೊಳ್ಳುವುದು ಅದೇ ಬೀದಿಯಲ್ಲಿ.

ಹಳೇ ಮೆಸೇಜು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಮಾಡಿದ್ದರೆ ಅಲ್ಲಿಗೆ ಇದನ್ನೂ ಕಳಿಸಿ.