ಸತ್ತ ತಪಾಸಣೆಯನ್ನು ಕಿತ್ತುಹಾಕಬೇಕೇ?

ಪರ

ಹಾಸನದ ನಮ್ಮ ಲ್ಯಾಬಿನಲ್ಲಿ ಒಬ್ಬ ವಿದ್ಯಾರ್ಥಿನಿ ಎರಡು ದಿನ ಲಿನಕ್ಸ್ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ವ್ಯವಸ್ಥೆ) ಕೋಡಿನ ನಾಲ್ಕು ಸಾಲುಗಳ ಮುಂದೆ ಕುಳಿತಿದ್ದಳು. ಡಿಸ್ಕಿನ ಓದು-ಬರಹದ ಕೋರಿಕೆಗೆ ಮೆಮೊರಿ ತರುವ ‘ಬಯೋ ಅಲಾಕ್’ ಎಂಬ ಫಂಕ್ಷನ್ ಕರೆದ ಬೆನ್ನಿಗೇ ‘ಸಿಗದಿದ್ದರೆ ಹಿಂದಿರುಗು’ ಎಂಬ ತಪಾಸಣೆ. ಅದರ ಮೇಲೆ ‘ಮೆಮೊರಿ ಮುಗಿದಾಗ ಇಲ್ಲಿಗೆ ಬರುತ್ತದೆ’ ಎಂಬ ಟಿಪ್ಪಣಿ. ಮೆಮೊರಿಯನ್ನು ಎಷ್ಟು ಹಿಂಡಿದರೂ ಪ್ರೋಗ್ರಾಂ ಅಲ್ಲಿಗೆ ಬರಲಿಲ್ಲ. ಬರುವುದೂ ಇಲ್ಲ. ಕಾಯಲು ಅನುಮತಿ ಕೊಟ್ಟು ಕರೆದರೆ ಆ ಫಂಕ್ಷನ್ ಮೀಸಲು ದಾಸ್ತಾನಿನಿಂದಲಾದರೂ ತೆಗೆದುಕೊಡುತ್ತದೆ, ಅದೂ ಖಾಲಿಯಾಗಿದ್ದರೆ ಯಾರಾದರೂ ಮರಳಿಸುವವರೆಗೆ ಕಾಯುತ್ತದೆ, ಬರಿಗೈಯಲ್ಲಿ ವಾಪಸಾಗುವುದಿಲ್ಲ. ಹೀಗೆ ಎಂದೂ ಕೆಲಸಕ್ಕೆ ಬಾರದ್ದೇ ಸತ್ತ ತಪಾಸಣೆ, ಅದನ್ನು ಕಿತ್ತುಹಾಕಬೇಕು.

ಇರಲಿ ಬಿಡಿ, ತಪಾಸಣೆಯೇನು ಅನ್ನ ಕೇಳುತ್ತದೆಯೇ ಎನ್ನುವವರಿದ್ದಾರೆ. ಯಾರೂ ನಡೆಯದ ಆ ದಾರಿಯಲ್ಲಿ ಲಾಕ್ (ಇಬ್ಬರು ಒಂದೇ ದತ್ತಾಂಶವನ್ನು ಒಟ್ಟಿಗೆ ಮುಟ್ಟದಂತೆ ಹಾಕುವ ಬೀಗ) ಬಿಡಲು ಮರೆತಿದ್ದರೆ ಹೇಳುವವರು ಯಾರು? ಕೋಡು ಸುಳ್ಳು ಹೇಳುವುದಂತೂ ಇನ್ನೂ ದುಬಾರಿ. ‘ಇಎಕ್ಸ್‌ಟಿ4’ ಎಂಬ ಫೈಲ್ ಸಿಸ್ಟಮ್ಮಿನಲ್ಲಿ ಬಫರಿಗೆ (ಡಿಸ್ಕಿನ ದತ್ತಾಂಶವನ್ನು ತಾತ್ಕಾಲಿಕವಾಗಿ ಇಡುವ ಜಾಗಕ್ಕೆ) ಮೆಮೊರಿ ಸಿಗದಿದ್ದಾಗಲೂ ಕೆಲವು ಕಡೆ ಡಿಸ್ಕಿನ ಓದು-ಬರಹದ ದೋಷವೆಂದೇ ವರದಿಯಾಗುತ್ತಿತ್ತು, ತಿದ್ದಿದ್ದು 2013ರಲ್ಲಿ. ಮೆಮೊರಿಯ ಕೊರತೆಗೆ ಡಿಸ್ಕಿನ ಮೇಲೆ ಗೂಬೆ ಕೂರಿಸಿದ ಹಾಗೆ! ನಂಬಿದವನು ಹೊಸ ಡಿಸ್ಕಿಗೆ ದುಡ್ಡು ಸುರಿಯುತ್ತಾನೆ.

ವಿರೋಧ

ನಾನು ಮೂಡಿಗೆರೆಯ ತೋಟದ ಮನೆಯಲ್ಲಿ ಕುಳಿತು ಕೋಡ್ ಬರೆಯುವವನು. ಮರಗಸಿಯನ್ನು (ನೆರಳಿನ ಮರಗಳ ಕೊಂಬೆ ಸವರುವ ಕೆಲಸವನ್ನು) ಮರದ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟ ವರ್ಷ, ಕಾಫಿಗೆ ಮಧ್ಯಾಹ್ನದ ನೆರಳು ಕೊಡುತ್ತಿದ್ದ ಕೊಂಬೆಯೂ ನೆಲಕ್ಕೆ ಬಿದ್ದಿರುತ್ತದೆ. ಪ್ಯಾಚುಗಳ (ಕೋಡಿಗೆ ಕಳಿಸುವ ತಿದ್ದುಪಡಿಗಳ) ಎಣಿಕೆಗಾಗಿ ನಡೆಯುವ ಸ್ವಚ್ಛತೆಯೂ ಅದೇ ಜಾತಿಯದು.

ಗೆಳೆಯರು ಹೇಳಿದ 2013ರ ಉದಾಹರಣೆಯನ್ನೇ ತೆಗೆದುಕೊಳ್ಳಿ. ಅಲ್ಲಿ ಮೆಮೊರಿ ತರಬೇಕಾದದ್ದು ‘ಗೆಟ್‌ಬ್ಲಾಕ್’ ಬಳಗದ ಫಂಕ್ಷನ್. ಅದು ವಿಫಲವಾಗುವುದಿಲ್ಲ, ಪ್ರಯತ್ನಿಸುತ್ತಲೇ ಇರುತ್ತದೆ ಎಂದು ಲಿನಕ್ಸ್ ತಿರುಳಾದ ಕರ್ನಲ್‌ನ ಬಫರ್ ಕೋಡಿನಲ್ಲೇ ಒಂದು ಕಾಲಕ್ಕೆ ಟಿಪ್ಪಣಿ ಇತ್ತು. ಅದನ್ನು ನಂಬಿ ತಪಾಸಣೆಯನ್ನು ಕಿತ್ತಿದ್ದರೆ, ತಿದ್ದಲು ದೋಷದ ಹೆಸರೂ ಉಳಿಯುತ್ತಿರಲಿಲ್ಲ. ಯಾವ ಮೆಮೊರಿಯನ್ನೂ ತೋರದ ಖಾಲಿ ಪಾಯಿಂಟರ್ ಮುಟ್ಟಿ ಯಂತ್ರವೇ ಮಗುಚಿಕೊಳ್ಳುತ್ತಿತ್ತು.

‘ಬಯೋ ಅಲಾಕ್’ನ ಭರವಸೆಯೂ ಷರತ್ತಿನದೇ. ನಾಳೆ ಯಾರೋ ವೇಗದ ಆಸೆಗೆ ‘ಕಾಯಬೇಡ’ ಎಂಬ ಫ್ಲ್ಯಾಗ್ (ಫಂಕ್ಷನ್ ಕರೆಯುವಾಗ ಕೊಡುವ ಸೂಚನೆ) ಹಾಕಿದರೆ ಸತ್ತ ಸಾಲು ಎದ್ದು ಕೂರುತ್ತದೆ. ಬದಲಾಯಿಸುವವನು ಮೂರು ಫೈಲುಗಳಾಚೆಯ ನಿಮ್ಮ ಕೋಡನ್ನು ಓದಿರುತ್ತಾನೆಂಬ ಖಾತ್ರಿ ನನಗಿಲ್ಲ.

ಟಿಪ್ಪಣಿ ಸುಳ್ಳಾಗಿದ್ದರೆ ಇಂದೇ ತಿದ್ದಿ, ತಕರಾರಿಲ್ಲ. ತಪಾಸಣೆಯನ್ನು ತೆಗೆಯುವ ಪ್ಯಾಚ್ ಬಂದರೆ ಮಾತ್ರ, ಕರೆಯುವ ಪ್ರತಿ ಜಾಗದ ಫ್ಲ್ಯಾಗ್ ನೋಡಿದ್ದೀರಾ ಎಂದು ಕೇಳುತ್ತೇನೆ. ಜೊತೆಗೆ, ಮುಂದೆ ನಿಜವಾದ ದುರಸ್ತಿಯೊಂದನ್ನು ಹಳೆಯ ಸ್ಥಿರ ಆವೃತ್ತಿಗೆ ಒಯ್ಯುವಾಗ, ಇಲ್ಲಿ ಸಾಲು ತೆಗೆದ ಕಾರಣ ಅಕ್ಕಪಕ್ಕದ ಸಾಲು ಹೊಂದದೆ ರಾತ್ರಿ ಹನ್ನೊಂದಕ್ಕೆ ಕೈಯಾರೆ ಜೋಡಿಸುತ್ತಾ ಕೂರುವವನು ನಾನೇ, ಅದೂ ತೋಟದಲ್ಲಿ ಕರೆಂಟ್ ಇದ್ದರೆ.