ಫಾರ್ಮ್ಯಾಟ್ ಹೊಡೆಯೋ ಮುಂಚೆ ಸ್ವಲ್ಪ ತಡೀರಿ

ಇವತ್ತು ಕೊಡಗಿನ ಗೋಣಿಕೊಪ್ಪಲಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಜಗಳ ಆಡಿ ಬಂದಿದ್ದೇನೆ. ಹೋಗಿದ್ದು ಪ್ರಿಂಟರ್‌ಗೆ ಇಂಕ್ ತರೋಕೆ. ಅಲ್ಲಿ ನಮ್ಮ ಕಡೆಯ ಮಾವ ಒಬ್ಬರು ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಮುಖ ಸಣ್ಣ ಮಾಡಿ ಕೂತಿದ್ದರು.

"ಏನಾಯ್ತು ಮಾವ?"

"ಮಳೆ ಲೆಕ್ಕದ ಫೈಲ್ ತೆಗೆದ ಕೂಡಲೇ ಬ್ರೌಸರ್ ತಾನಾಗೇ ಮುಚ್ಚಿಕೊಳ್ಳುತ್ತೆ ಮಾರಾಯ್ತಿ. ಫಾರ್ಮ್ಯಾಟ್ ಹೊಡೀಬೇಕಂತೆ."

ಫಾರ್ಮ್ಯಾಟ್ ಅಂದರೆ ಡಿಸ್ಕ್‌ನಲ್ಲಿರೋದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕೋದು. ಈ ಪದ ಕೇಳಿದರೆ ನನಗೆ ಎಷ್ಟು ಸಿಟ್ಟು ಬರುತ್ತೆ ಅಂತ ನಿಮಗೆಲ್ಲ ಗೊತ್ತೇ ಇದೆ.

ಮಳೆ ಲೆಕ್ಕ ಅಂದರೆ ನಮ್ಮ ಕಡೆ ಏನು ಅಂತ ಹೊರಗಿನವರಿಗೆ ಹೇಳಬೇಕು. ಬೆಳಗ್ಗೆ ಎದ್ದು ಮಳೆ ಮಾಪಕ ನೋಡಿ, ನಿನ್ನೆ ಎಷ್ಟು ಇಂಚು, ಎಷ್ಟು ಸೆಂಟ್ ಬಂತು ಅಂತ ಬರೆದಿಡೋದು. ನೂರು ಸೆಂಟ್‌ಗೆ ಒಂದು ಇಂಚು. ಸರ್ಕಾರ ಮಿಲಿಮೀಟರ್‌ನಲ್ಲಿ ಹೇಳಲಿ ಬಿಡಲಿ, ಕಾಫಿ ತೋಟದವರು ಇವತ್ತಿಗೂ ಮಾತಾಡೋದು ಸೆಂಟ್‌ನಲ್ಲೇ. ಮಾವನ ಹತ್ತಿರ ಅವರ ಅಪ್ಪನ ಕಾಲದ ಡೈರಿಗಳಿವೆ. ಅದನ್ನೆಲ್ಲ ಮೊಮ್ಮಗಳು ಕೂತು ಆನ್‌ಲೈನ್ ಶೀಟ್‌ಗೆ ಹತ್ತಿಸಿದ್ದಾಳೆ. ವರ್ಷಕ್ಕೊಂದು ಹಾಳೆ, ಪಕ್ಕದಲ್ಲಿ ಡೈರಿ ಪುಟದ ಫೋಟೋ. ಹೂ ಮಳೆ, ಅಂದರೆ ಕಾಫಿ ಹೂ ಅರಳಿಸೋ ಮಳೆ, ಯಾವ ವರ್ಷ ಯಾವಾಗ ಬಂತು ಅಂತ ಬೆರಳ ತುದಿಯಲ್ಲಿ ಹೇಳಬಹುದು.

ಅಂಗಡಿ ಹುಡುಗ ಮೊದಲು ಹೇಳಿದ್ದು, "ಮಳೆ ಅಲ್ವಾ ಅಂಕಲ್, ನೆಟ್ ಪ್ರಾಬ್ಲಮ್." ಕೊಡಗಿನಲ್ಲಿ ಏನು ಕೆಟ್ಟರೂ ಮಳೆ ಮೇಲೆ ಹಾಕಬಹುದು, ಮಳೆ ವಾಪಸ್ ಜಗಳ ಆಡಲ್ಲ. ಅಲ್ಲಪ್ಪ, ನೆಟ್ ಹೋದರೆ ಕ್ರೋಮ್ ಬ್ರೌಸರ್‌ನಲ್ಲಿ ಡೈನೋಸಾರ್ ಚಿತ್ರ ಬಂದು ನಿಲ್ಲುತ್ತೆ. ಬ್ರೌಸರ್ ಯಾಕೆ ಮುಚ್ಚಿಕೊಳ್ಳಬೇಕು? ಮತ್ತೆಲ್ಲ ಸೈಟ್ ಸರಿಯಾಗಿ ಓಡುತ್ತಿದೆ, ಇದೊಂದು ಫೈಲ್‌ಗೆ ಮಾತ್ರ ಯಾಕೆ? ಆಗ ಬಂತು ನೋಡಿ ಎರಡನೇ ಔಷಧಿ. "ಹಾಗಾದ್ರೆ ವಿಂಡೋಸ್ ಹೋಗಿದೆ. ಫಾರ್ಮ್ಯಾಟ್ ಹೊಡೆದು ಹೊಸದು ಹಾಕೋಣ."

ಒಂದು ಕಾಫಿ ಗಿಡಕ್ಕೆ ಬೋರರ್ ಹುಳ ಬಂತು ಅಂತ ಇಡೀ ತೋಟ ಕಿತ್ತು ಹಾಕ್ತಾರಾ?

ಲ್ಯಾಪ್‌ಟಾಪ್ ಕಿತ್ತುಕೊಂಡೆ. ಹೌದು, ಕಿತ್ತುಕೊಂಡೆ. ಕಂಟ್ರೋಲ್, ಶಿಫ್ಟ್, ಎನ್ ಒತ್ತಿದರೆ ಇನ್‌ಕಾಗ್ನಿಟೋ, ಅಂದರೆ ಹಳೇ ಲಾಗಿನ್ ಇಲ್ಲದ ಖಾಸಗಿ ಕಿಟಕಿ ಬರುತ್ತೆ. ನಾವೇ ಅನುಮತಿ ಕೊಟ್ಟಿರದಿದ್ದರೆ ಅಲ್ಲಿ ಎಕ್ಸ್‌ಟೆನ್ಶನ್‌ಗಳು, ಅಂದರೆ ಬ್ರೌಸರ್‌ಗೆ ನಾವು ಸೇರಿಸಿಕೊಂಡ ಪುಟ್ಟ ಪ್ರೋಗ್ರಾಮ್‌ಗಳು, ಓಡುವುದಿಲ್ಲ. ಹೊಸದಾಗಿ ಲಾಗಿನ್ ಆಗಬೇಕಿತ್ತು, ಪಾಸ್‌ವರ್ಡ್ ಮಾವನ ಜೇಬಿನ ಡೈರಿಯ ಕೊನೇ ಪುಟದಲ್ಲಿತ್ತು. ದೊಡ್ಡ ಅಕ್ಷರದಲ್ಲಿ, ಕೆಳಗೆ ಎರಡು ಗೆರೆ ಬೇರೆ. ಹಾಕಿದೆ. ಫೈಲ್ ತೆರೆಯಿತು. ಮೇಲೆ ಕೆಳಗೆ ಓಡಾಡಿಸಿದೆ, ಏನೂ ಆಗಲಿಲ್ಲ. ಅಂದರೆ ಫೈಲ್ ಸರಿ ಇದೆ, ನೆಟ್ ಸರಿ ಇದೆ, ವಿಂಡೋಸ್ ಕೂಡ ಸರಿ ಇದೆ.

ಆಮೇಲೆ ಮಾಮೂಲಿ ಕಿಟಕಿಗೆ ಬಂದು ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದೆ. ಕ್ರೋಮ್ ಒಳಗೇ ಒಂದು ಟಾಸ್ಕ್ ಮ್ಯಾನೇಜರ್ ಇದೆ, ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಶನ್ ಎಷ್ಟು ಮೆಮೊರಿ ತಿನ್ನುತ್ತಿದೆ ಅಂತ ಸಾಲಾಗಿ ತೋರಿಸುತ್ತೆ. ಫೈಲ್ ತೆರೆಯುತ್ತಿದ್ದಂತೆ ಯಾವುದೋ ಬಿಟ್ಟಿ ಪಿಡಿಎಫ್ ಕನ್ವರ್ಟರ್ ಮೇಲೇರುತ್ತಾ ಹೋಯಿತು. ಮಾವನ ಲ್ಯಾಪ್‌ಟಾಪ್‌ಗೆ ಇರೋದೇ ನಾಲ್ಕು ಜಿಬಿ ರ‍್ಯಾಮ್. ಅಷ್ಟು ವರ್ಷದ ಮಳೆಯನ್ನೂ ಅಷ್ಟು ಫೋಟೋಗಳನ್ನೂ ಈ ಹೊಟ್ಟೆಬಾಕನನ್ನೂ ಅದು ಒಟ್ಟಿಗೆ ಹೊರಬೇಕು. ಇದನ್ನು ಹಾಕಿದ್ದು ಯಾರು ಅಂತ ಕೇಳಿದರೆ ಮಾವ ಛಾವಣಿ ನೋಡಿದರು. ತೆಗೆದು ಹಾಕಿದೆ, ಶೀಟ್ ಮಾಮೂಲಿ ಕಿಟಕಿಯಲ್ಲೇ ತೆರೆಯಿತು. ಹುಡುಗ ಆ ಹೊತ್ತಿಗೆ ಫೋನ್‌ನಲ್ಲಿ ರೀಲ್ಸ್ ನೋಡುತ್ತಿದ್ದ.

ತಮಾಷೆ ಏನು ಗೊತ್ತಾ? ಫಾರ್ಮ್ಯಾಟ್ ಹೊಡೆದಿದ್ದರೂ ಇದು ಹೋಗುತ್ತಿರಲಿಲ್ಲ. ಹೊಸ ವಿಂಡೋಸ್ ಹಾಕಿ, ಕ್ರೋಮ್ ಹಾಕಿ, ಅದೇ ಅಕೌಂಟ್‌ನಲ್ಲಿ ಸಿಂಕ್ ಆನ್ ಮಾಡಿದರೆ ಹಳೇ ಎಕ್ಸ್‌ಟೆನ್ಶನ್‌ಗಳೆಲ್ಲ ಸದ್ದಿಲ್ಲದೆ ವಾಪಸ್ ಬಂದು ಕೂರುತ್ತವೆ. ಮಾವ ದುಡ್ಡು ಕೊಟ್ಟು ಮನೆಗೆ ಹೋಗಿ ಫೈಲ್ ತೆಗೆದರೆ ಮತ್ತೆ ಅದೇ ಕಥೆ. ಆಗ ಏನು ಹೇಳ್ತಾರೆ? "ಅಂಕಲ್, ಲ್ಯಾಪ್‌ಟಾಪ್ ಹಳೇದಾಯ್ತು, ಹೊಸದು ತಗೊಳ್ಳಿ."

ಅಂಗಡಿಯವರ ಕಷ್ಟ ನಿನಗೇನು ಗೊತ್ತು ಅಂತ ಕೆಲವರು ಬರ್ತೀರಿ ಈಗ. ಗಿರಾಕಿ ಜಾಸ್ತಿ, ಒಂದೊಂದನ್ನೇ ಹುಡುಕೋಕೆ ಟೈಮ್ ಇಲ್ಲ, ಫಾರ್ಮ್ಯಾಟ್ ಆದರೆ ಒಂದೇ ಏಟು. ಸರಿ. ವಿಂಡೋಸ್ 7 ಇದ್ದರೆ ನಾನೂ ಬದಲಾಯಿಸಿ ಅಂತೀನಿ. ಅದರಲ್ಲಿ ಕ್ರೋಮ್ 109ಕ್ಕೇ ನಿಂತುಹೋಗಿದೆ, 2023ರಿಂದ ಹೊಸದು ಬಂದಿಲ್ಲ. ಆದರೆ ಮಾವನದು ವಿಂಡೋಸ್ 10. ಅದನ್ನು ನೋಡೋಕೆ ಎಷ್ಟು ಹೊತ್ತು ಬೇಕು? ನೋಡಲೇ ಇಲ್ಲ! ಟೈಮ್ ಇಲ್ಲದವರು ಇಡೀ ವಿಂಡೋಸ್ ಹಾಕೋಕೆ ಟೈಮ್ ಎಲ್ಲಿಂದ ತರ್ತಾರೆ?

ಇಷ್ಟು ಸಿಟ್ಟು ಯಾಕೆ ಅಂದರೆ, ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ. ಅಪ್ಪ ಹೋಗುವ ಮುಂಚಿನ ವರ್ಷ ಮನೆಯ ಕಂಪ್ಯೂಟರ್‌ನಲ್ಲಿ ಮಾತಾಡಿ ರೆಕಾರ್ಡ್ ಮಾಡಿಟ್ಟಿದ್ದರು. ಯಾವ ಗಡಿಕಲ್ಲು ಎಲ್ಲಿದೆ, ಯಾವ ಹಲಸಿನ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಯಾರು ನೆಟ್ಟಿದ್ದು, ಹೀಗೆ. ನಡುನಡುವೆ ಕೆಮ್ಮು, ಅಮ್ಮನನ್ನು ಕರೆಯೋದು ಎಲ್ಲ ಇತ್ತು. ಕೀಬೋರ್ಡ್ ಸರಿ ಮಾಡೋಕೆ ಕೊಟ್ಟರೆ ಒಂದು ಅಂಗಡಿಯವರು ಕೇಳದೇ ಫಾರ್ಮ್ಯಾಟ್ ಹೊಡೆದು ಕೊಟ್ಟರು. "ಫಾಸ್ಟ್ ಆಗ್ಲಿ ಅಂತ ಮಾಡಿದ್ವಿ ಅಕ್ಕ, ಫ್ರೀ" ಅಂದರು. ಮಾವನ ಶೀಟ್ ಏನೋ ಆನ್‌ಲೈನ್‌ನಲ್ಲಿದೆ, ಅದಕ್ಕೆ ಏನೂ ಆಗುತ್ತಿರಲಿಲ್ಲ. ಆದರೆ ಅವರ ಡೆಸ್ಕ್‌ಟಾಪ್ ತುಂಬ ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯ ಜಮೀನು) ಕಾಗದಗಳ ಸ್ಕ್ಯಾನ್ ಇದ್ದವು. ಆ ಹುಡುಗ ಅದರ ಬಗ್ಗೆ ಒಂದು ಮಾತು ಕೇಳಿರಲಿಲ್ಲ.

ಇರಲಿ. ಆನ್‌ಲೈನ್ ಫೈಲ್ ತೆಗೆದರೆ ಬ್ರೌಸರ್ ಬೀಳ್ತಿದ್ಯಾ? ಮೊದಲು ಇನ್‌ಕಾಗ್ನಿಟೋದಲ್ಲಿ ತೆಗೆಯಿರಿ. ಅಲ್ಲಿ ತೆರೆದರೆ ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದೇ ಆಫ್ ಮಾಡಿ ಕಳ್ಳನನ್ನು ಹಿಡಿಯಿರಿ. ಅಲ್ಲೂ ಬಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್‌ಗೆ ಹೋಗಿ ಗ್ರಾಫಿಕ್ಸ್ ಆಕ್ಸಿಲರೇಶನ್ ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆಯಿರಿ. ಗ್ರಾಫಿಕ್ಸ್ ಡ್ರೈವರ್ ಹಳೇದಿದ್ದರೆ ತೊಂದರೆ ಅಲ್ಲೇ ಇರಬಹುದು. ಕುಶಾಲನಗರದ ನಮ್ಮ ಚಿಕ್ಕಮ್ಮನ ಮಗನದು ಅಷ್ಟಕ್ಕೇ ಸರಿಹೋಯ್ತು. ಬೇರೆ ಬ್ರೌಸರ್‌ನಲ್ಲೂ ಒಂದು ಸಲ ತೆರೆದು ನೋಡಿ, ಅದಕ್ಕೇನು ಖರ್ಚಿಲ್ಲ.

ಇಷ್ಟೂ ಮಾಡಿ ಆಗದಿದ್ದರೆ ನನಗೆ ಫೋನ್ ಮಾಡಿ. ರಾತ್ರಿ ಒಂಬತ್ತರ ಮೇಲೆ ಬೇಡ. ಬಿಟ್ಟಿ ಕನ್ವರ್ಟರ್ ಹಾಕ್ಕೊಂಡವರು ಮಾತ್ರ ಬೈಸಿಕೊಳ್ಳೋಕೆ ರೆಡಿ ಇರಿ. ಪ್ರಿಂಟರ್ ಇಂಕ್ ತರೋದು ಮರೆತೇ ಹೋಯ್ತು, ಆ ಅಂಗಡಿಗೆ ಇನ್ನು ಯಾವ ಮುಖ ಇಟ್ಟುಕೊಂಡು ಹೋಗಲಿ?