ವಿಂಡೋಸ್ 10ರ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಬೇಕೆ?

ಪರ: ಮನೆಯ ಕೆಲಸಕ್ಕೆ ಲಿನಕ್ಸ್ ಧಾರಾಳ ಸಾಕು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಭದ್ರತಾ ಅಪ್‌ಡೇಟ್ ನಿಂತಿತು. ಕಲಬುರಗಿಯ ಮನೆಗಳಲ್ಲಿ, ಟ್ಯೂಷನ್ ಕ್ಲಾಸುಗಳಲ್ಲಿ ಇನ್ನೂ ಚೆನ್ನಾಗಿಯೇ ಓಡುವ ನಾಲ್ಕನೇ, ಆರನೇ ಜನರೇಷನ್ನಿನ ಐ3 ಯಂತ್ರಗಳಿಗೆ ವಿಂಡೋಸ್ 11ರ ಬಾಗಿಲು ಮುಚ್ಚಿದೆ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಯಂತ್ರ ಹಚ್ಚುವಾಗ ಅಪರಿಚಿತ ತಂತ್ರಾಂಶ ಓಡದಂತೆ ತಡೆಯುವ ಸೆಕ್ಯೂರ್ ಬೂಟ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಷನ್ನಿನ ಮೇಲಿನ ಪ್ರೊಸೆಸರೇ ಬೇಕು. ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ನಲ್ಲಿ) ಟಿಪಿಎಂ ಆನ್ ಮಾಡಿದರೂ ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿ ಇಲ್ಲದಿದ್ದರೆ ಮುಂದೆ ಹೋಗದು. ತಪಾಸಣೆ ತಪ್ಪಿಸಿ ಹಾಕಿಕೊಡುವವರಿದ್ದಾರೆ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆಂದು ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ.

ಬ್ರೌಸರ್, ಯೂಟ್ಯೂಬ್ ಪಾಠ, ಪಿಡಿಎಫ್, ವಾಟ್ಸಾಪ್ ವೆಬ್, ಒಂದಿಷ್ಟು ಬರವಣಿಗೆ: ಬಹುಪಾಲು ಮನೆಗಳ ಕೆಲಸ ಇಷ್ಟೇ. ವಿಂಡೋಸಿನ ಬದಲು ಹಾಕಬಹುದಾದ ಉಚಿತ ವ್ಯವಸ್ಥೆಯೇ ಲಿನಕ್ಸ್. ಈ ಕೆಲಸಕ್ಕೆ ಅದರ ಒಂದು ಬಗೆಯಾದ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ 4 ಜಿಬಿ ರ‍್ಯಾಮ್‌ನಲ್ಲಿ ಸಲೀಸಾಗಿ ನಡೆಯುತ್ತದೆ, 2029ರವರೆಗೆ ಅಪ್‌ಡೇಟೂ ಇದೆ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಅದನ್ನು ತೆಗೆಸಿ 240 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಕೂಡಿಸಿ. ಯಾವ ವ್ಯವಸ್ಥೆ ಹಾಕಿದರೂ ಇಷ್ಟು ವೇಗ ಇನ್ನಾವುದರಿಂದಲೂ ಬರದು.

8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ತಂತ್ರಾಂಶದಿಂದ ಮಿಂಟ್‌ನ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಬರೆದು, ಯಂತ್ರ ಹಚ್ಚುವಾಗ ಎಫ್12 ಅಥವಾ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸಿ. ಕೂಡಲೇ ಇನ್‌ಸ್ಟಾಲ್ ಮಾಡಬೇಡಿ. ಪೆನ್‌ಡ್ರೈವ್‌ನಿಂದಲೇ ಅರ್ಧ ತಾಸು ಓಡಿಸಿ ವೈಫೈ, ಸೌಂಡ್, ಪ್ರಿಂಟರ್ ಮೂರನ್ನೂ ನೋಡಿಕೊಳ್ಳಿ. ಇನ್‌ಸ್ಟಾಲ್ ಮಾಡುವಾಗ ಜನ ಎಡವುವುದು ಒಂದೇ ಕಡೆ: ‘ಎರೇಸ್ ಡಿಸ್ಕ್’ ಎಂದರೆ ಸಿ ಡ್ರೈವ್ ಮಾತ್ರ ಹೋಗುತ್ತದೆ, ಡಿ ಡ್ರೈವ್‌ನ ಫೋಟೋ ಉಳಿಯುತ್ತವೆ ಎಂದುಕೊಳ್ಳುತ್ತಾರೆ. ಸಿ, ಡಿ ಎರಡೂ ಒಂದೇ ಡಿಸ್ಕಿನ ಭಾಗಗಳಾಗಿದ್ದರೆ ಎರಡೂ ಅಳಿಸಿಹೋಗುತ್ತವೆ. ಮೊದಲೇ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ.

ಕನ್ನಡ ಟೈಪಿಂಗಿಗೆ ಐಬಸ್ ಎಂಬ ಟೈಪಿಂಗ್ ಸಾಧನ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಲಾಗ್ ಔಟ್ ಆಗಿ ಬಂದು ಕನ್ನಡದ ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸ ಸೇರಿಸಿದರೆ ಆಯಿತು. ನುಡಿ ತಂತ್ರಾಂಶಕ್ಕೆ ಪಳಗಿದ ಬೆರಳು ಹೊಸದಾಗಿ ಕಲಿಯಬೇಕಿಲ್ಲ, ಬರುವ ಅಕ್ಷರವೂ ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡೇ.

ವಿರೋಧ: ಅಂಗಡಿಯ ಕಂಪ್ಯೂಟರ್ ಮನೆಯದ್ದಲ್ಲ

ನುಡಿಯ ಹಳೆಯ ಫೈಲ್ ತೆರೆದಾಗ ಏನಾಗುತ್ತದೆ? ಹತ್ತು ವರ್ಷದ ಹಿಂದೆ ಹೊಡೆದ ಕರಾರು ಪತ್ರವನ್ನು ಲಿನಕ್ಸಿನ ಬರವಣಿಗೆ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ತೆರೆದರೆ ಕನ್ನಡವೇ ಇರುವುದಿಲ್ಲ. ತಲೆಯ ಮೇಲೆ ಗೀರು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳು ಸಾಲುಗಟ್ಟಿ ನಿಂತಿರುತ್ತವೆ. ಫೈಲ್ ಕೆಟ್ಟಿಲ್ಲ. ಹಳೆಯ ನುಡಿ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂಡಿಸಿವೆ. ಆ ಫಾಂಟ್ ಇಲ್ಲದಿದ್ದರೆ ಒಳಗಿನ ರೋಮನ್ನೇ ಹೊರಬೀಳುತ್ತದೆ. ಫಾಂಟ್ ತಂದು ಹಾಕಿದರೆ ಓದಬಹುದು, ಪ್ರಿಂಟೂ ತೆಗೆಯಬಹುದು. ಆದರೆ ನಡುವೆ ಒಂದು ಹೆಸರು ತಿದ್ದಬೇಕೆಂದರೆ ನುಡಿ ತಂತ್ರಾಂಶವೇ ಬೇಕು, ಅದು ವಿಂಡೋಸಿನದು. ಯೂನಿಕೋಡಿಗೆ ಪರಿವರ್ತಿಸಬಹುದು, ಆಮೇಲೆ ಒತ್ತಕ್ಷರ, ಅರ್ಕಾವೊತ್ತು ಒಂದೊಂದಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಕರಾರು ಪತ್ರದಲ್ಲಿ ಸರ್ವೆ ನಂಬರಿನ ಪಕ್ಕದ ಹೆಸರು ತಪ್ಪಿದರೆ ಅದು ಸಣ್ಣ ತಪ್ಪಲ್ಲ.

ನಮ್ಮ ಭಾಗದ ಲಗ್ನಪತ್ರಿಕೆ ಬರೀ ಕನ್ನಡದ್ದೂ ಅಲ್ಲ. ಕಲಬುರಗಿಯಲ್ಲಿ ಉರ್ದು, ಬೀದರ್ ಕಡೆ ಮರಾಠಿಯೂ ಸೇರುತ್ತದೆ. ಉರ್ದುವಿನ ನಸ್ತಾಲೀಕ್ ಇನ್‌ಪೇಜ್‌ನಲ್ಲಿ ಹೊಡೆದು, ಕೋರೆಲ್‌ಡ್ರಾಗೆ ತಂದು ಕೂಡಿಸುವ ರೂಢಿ. ಎರಡೂ ಲಿನಕ್ಸಿಗೆ ಬರುವುದಿಲ್ಲ. ಲಿನಕ್ಸಿನಲ್ಲಿ ಸಿಗುವ ವಿನ್ಯಾಸ ತಂತ್ರಾಂಶ ಇಂಕ್‌ಸ್ಕೇಪ್ ಕೋರೆಲ್ ಫೈಲ್ ತೆರೆಯುತ್ತದಾದರೂ ಸಾಲುಗಳು ಅತ್ತಿತ್ತ ಸರಿಯುತ್ತವೆ. ಗಂಜಿನ ಅಡತಿಯವರ, ದಾಲ್ ಮಿಲ್ಲಿನವರ ಲೆಕ್ಕವೆಲ್ಲ ಟ್ಯಾಲಿಯಲ್ಲಿದ್ದರೆ ಅದೂ ವಿಂಡೋಸೇ.

ಪ್ರಿಂಟರನ್ನೂ ನೋಡಬೇಕು. ಎಷ್ಟೋ ಝೆರಾಕ್ಸ್ ಅಂಗಡಿಗಳ ಮೇಜಿನ ಮೇಲಿರುವ ಕ್ಯಾನನ್ ಎಲ್‌ಬಿಪಿ 2900 ಪುಟವನ್ನು ತಾನೇ ಸಿದ್ಧಮಾಡುವುದಿಲ್ಲ. ಕಂಪ್ಯೂಟರ್ ಸಿದ್ಧಮಾಡಿ, ಕ್ಯಾನನ್‌ನ ಸ್ವಂತ ಭಾಷೆಯಾದ ಕ್ಯಾಪ್ಟ್‌ನಲ್ಲಿ ಕಳಿಸಬೇಕು. ಅದರ ಲಿನಕ್ಸ್ ಡ್ರೈವರ್ ಹಳೆಯದು, ಹೊಸ ಆವೃತ್ತಿಗಳಲ್ಲಿ ಕೂಡಿಸುವುದು ಕಷ್ಟ. ಗಿರಾಕಿ ಎದುರು ನಿಂತಿರುವಾಗ ಆ ಕಷ್ಟ ಯಾರಿಗೂ ಬೇಡ.

ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡರಾಯಿತು ಎನ್ನುವವರಿಗೂ ಎರಡು ಮಾತು. ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರವನ್ನು ಯುಟಿಸಿಯಲ್ಲಿ (ನಮ್ಮ ವೇಳೆಗಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ವೇಳೆಯಲ್ಲಿ) ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ವೇಳೆ ಎಂದು ಓದುತ್ತದೆ. ಬೆಳಗ್ಗೆ 11ಕ್ಕೆ ವಿಂಡೋಸ್ ಹಚ್ಚಿದರೆ 5:30 ತೋರಿಸುವುದು ಇದಕ್ಕೇ. ಇನ್ನೊಂದು, ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡದಿದ್ದರೆ ಶಟ್‌ಡೌನ್ ಮಾಡಿದರೂ ಡ್ರೈವ್ ಪೂರ್ತಿ ಮುಚ್ಚಿರುವುದಿಲ್ಲ. ಆಗ ಲಿನಕ್ಸ್‌ನಲ್ಲಿ ಆ ಫೈಲುಗಳನ್ನು ಓದಬಹುದು, ಉಳಿಸಲು ಬಿಡುವುದಿಲ್ಲ.

ವಿಂಡೋಸ್ 10ರ 22ಎಚ್2 ಆವೃತ್ತಿಯ ಮನೆಬಳಕೆಯ ಯಂತ್ರಗಳಿಗೆ ಹೆಚ್ಚುವರಿ ಅಪ್‌ಡೇಟಿನ ಯೋಜನೆಯನ್ನು 2026ರ ಅಕ್ಟೋಬರ್ 13ರವರೆಗೆ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಅಂಗಡಿಯವರು ಆ ಯಂತ್ರಕ್ಕೇ ಜೋತುಬೀಳುವ ಬದಲು ವಿಂಡೋಸ್ 11 ಓಡುವ ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವುದು ಲೇಸು. ಕೊಳ್ಳುವಾಗ ಸ್ಟಿಕ್ಕರ್ ನಂಬಬೇಡಿ. ಯಂತ್ರ ಹಚ್ಚಿಸಿ, ಸೆಟ್ಟಿಂಗ್ಸ್‌ನ ಅಬೌಟ್ ತೆರೆಸಿ, ಪ್ರೊಸೆಸರ್ ಹೆಸರಿನಲ್ಲಿ ಐ3 ಅಥವಾ ಐ5 ಆದಮೇಲಿನ ಗೀಟಿನ ಮುಂದೆ 8 ಇದೆಯೋ 7 ಇದೆಯೋ ನೋಡಿ. 8100, 8500 ಆದರೆ ತನ್ನಿ; 7400, 7500 ಆದರೆ ಎಷ್ಟೇ ಅಗ್ಗವಿದ್ದರೂ ಅಲ್ಲೇ ಬಿಟ್ಟು ಬನ್ನಿ.